ಮೇಯರ್ ಕುರ್ಚಿಯಿಂದ ಮೇಲಿನ ಕಣಕ್ಕೆ: ಸಿದ್ಧತೆಯ ಕೈಪಿಡಿ

ಮೇಯರ್ ಆಗಿರುವವರು ಇನ್ನೂ ದೊಡ್ಡ ಹುದ್ದೆಯ ಮೇಲೆ ಕಣ್ಣಿಟ್ಟಾಗ ಎದುರಾಳಿಗಿಂತ ಮೊದಲು ಮೂರು ಪ್ರಶ್ನೆಗಳು ಎದುರು ನಿಲ್ಲುತ್ತವೆ. ನಗರದಲ್ಲಿ ಮಾಡಿದೆವು ಅನ್ನುವ ಕೆಲಸಕ್ಕೆ ಕಾಗದ ಇದೆಯೇ? ಆ ಕೆಲಸದಿಂದ ನಗರದಾಚೆಯ ಮತದಾರನಿಗೆ ಏನು ಸಿಕ್ಕಿತು? ಮೇಯರ್ ಕುರ್ಚಿಯನ್ನು ಯಾವಾಗ, ಹೇಗೆ ಬಿಟ್ಟಿರಿ? ಘೋಷಣೆ, ಫ್ಲೆಕ್ಸು, ರೋಡ್ ಶೋ ಎಲ್ಲ ಆಮೇಲಿನ ಮಾತು. ಮೂರನೆಯ ಪ್ರಶ್ನೆಯನ್ನು ಬಹುತೇಕ ತಂಡಗಳು ಕೊನೆಯ ತಿಂಗಳಿಗೆ ಬಿಡುತ್ತವೆ. ದೊಡ್ಡ ಪೆಟ್ಟು ಬೀಳುವುದೂ ಅಲ್ಲೇ.

ಊರು ದೊಡ್ಡದಾದಷ್ಟೂ ದಾರಿ ಸಲೀಸು ಎಂಬ ನಂಬಿಕೆಯನ್ನು ಆರಂಭದಲ್ಲೇ ಬಿಟ್ಟುಬಿಡಿ. 1868ರಲ್ಲಿ ಗವರ್ನರ್ ಆಗಿ ಗೆದ್ದ ಜಾನ್ ಹಾಫ್‌ಮನ್ ಆದಮೇಲೆ ನ್ಯೂಯಾರ್ಕ್ ನಗರದ ಯಾವ ಮೇಯರೂ ಗವರ್ನರ್, ಸೆನೆಟರ್ ಅಥವಾ ಅಧ್ಯಕ್ಷ ಆಗಿಲ್ಲ. ಇತ್ತ ಇಂಡೊನೇಷ್ಯಾದ ಮಧ್ಯಮ ಗಾತ್ರದ ಸೋಲೋ ನಗರದ ಮೇಯರ್ ಆಗಿದ್ದ ಜೋಕೊ ವಿಡೋಡೊ 2012ರಲ್ಲಿ ಜಕಾರ್ತಾದ ಗವರ್ನರ್, 2014ರಲ್ಲಿ ದೇಶದ ಅಧ್ಯಕ್ಷರಾದರು. ನಾಗ್ಪುರದಲ್ಲಿ 1997ರಲ್ಲಿ ಮೇಯರ್ ಆದ ದೇವೇಂದ್ರ ಫಡ್ನವೀಸ್ 1999ರಲ್ಲಿ ಶಾಸಕ, 2014ರಲ್ಲಿ ಮುಖ್ಯಮಂತ್ರಿ.

ಮೊದಲು ನಿಮ್ಮ ಅಧಿಕಾರ ಎಷ್ಟು ಎಂದು ಬರೆದಿಡಿ

ಮೇಯರ್ ಎಂಬ ಹೆಸರು ಒಂದೇ ಆದರೂ ಅಧಿಕಾರ ಊರಿಂದೂರಿಗೆ ಬೇರೆ. ಸಿಯೋಲ್, ಇಸ್ತಾಂಬುಲ್‌ಗಳಲ್ಲಿ ಜನರೇ ನೇರವಾಗಿ ಆರಿಸಿದ ಮೇಯರ್ ಬಜೆಟ್ಟನ್ನೂ ಆಡಳಿತವನ್ನೂ ನಡೆಸುತ್ತಾರೆ. ಭಾರತದ ಬಹುತೇಕ ಪಾಲಿಕೆಗಳಲ್ಲಿ ಕಾರ್ಯಾಂಗದ ಅಧಿಕಾರ ಆಯುಕ್ತರ ಕೈಯಲ್ಲಿದೆ. ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ, ಅವಧಿಯೂ ಚಿಕ್ಕದು. ಉತ್ತರ ಪ್ರದೇಶದಂಥ ಕಡೆ ನೇರ ಆಯ್ಕೆ ಇದ್ದರೂ ಆಯುಕ್ತರ ಹಿಡಿತ ಹಾಗೇ ಇದೆ.

ಅಧಿಕಾರ ಕಡಿಮೆ ಇರುವ ಮೇಯರ್ 'ನಾನು ಸೇತುವೆ ಕಟ್ಟಿಸಿದೆ' ಅಂದರೆ ಎದುರಾಳಿ ಒಂದೇ ಮಾಹಿತಿ ಹಕ್ಕು ಅರ್ಜಿಯಲ್ಲಿ ಆ ಮಾತನ್ನು ಒಡೆದು ಹಾಕುತ್ತಾನೆ. 'ಈ ಸೇತುವೆಯ ಕಡತ ಮೂರು ಸಲ ವಾಪಸ್ ಬಂದಿತ್ತು, ನಾಲ್ಕನೇ ಸಲ ಸಭೆಯಲ್ಲಿ ನಿರ್ಣಯ ಮಾಡಿಸಿ ಕಳಿಸಿದೆ' ಅನ್ನುವುದು ಕೇಳಲು ಸಣ್ಣ ಮಾತು. ಆದರೆ ಅದು ನಿಲ್ಲುತ್ತದೆ.

ಕಾಮಗಾರಿ ಕಡತ

ಮತದಾನಕ್ಕೆ 24 ತಿಂಗಳು ಇರುವಾಗಲೇ ಇದನ್ನು ಶುರು ಮಾಡಬೇಕು. ಒಂದೊಂದು ಕೆಲಸಕ್ಕೆ ಒಂದೊಂದು ಕಡತ, ಅದರಲ್ಲಿ ಏಳು ಕಾಗದ: ಸಭೆಯ ನಿರ್ಣಯದ ಸಂಖ್ಯೆ ಮತ್ತು ದಿನಾಂಕ, ಟೆಂಡರ್ ಪ್ರಕಟಣೆ, ಬಂದ ಎಲ್ಲ ಬಿಡ್‌ಗಳ ಹೋಲಿಕೆ ಪಟ್ಟಿ, ಅಂದಾಜು ಮೊತ್ತ ಮತ್ತು ಕೊನೆಗೆ ಪಾವತಿಯಾದ ಮೊತ್ತ, ಹಣ ಬಂದ ಮೂಲ (ನಗರದ ಸ್ವಂತ ತೆರಿಗೆಯೋ, ಮೇಲಿನ ಸರ್ಕಾರದ ಅನುದಾನವೋ, ಸಾಲವೋ), ಮುಕ್ತಾಯ ಪ್ರಮಾಣಪತ್ರ, ಒಂದೇ ಜಾಗದಲ್ಲಿ ನಿಂತು ತೆಗೆದ ಮೊದಲಿನ ಮತ್ತು ಈಗಿನ ಫೋಟೊ. ಇವುಗಳಲ್ಲಿ ಯಾವುದಾದರೂ ಸಿಗದಿದ್ದರೆ ಆ ಕೆಲಸ ಭಾಷಣಕ್ಕೆ ಬರಬಾರದು. ಶಂಕುಸ್ಥಾಪನೆ ಮಾತ್ರ ಆಗಿರುವ ಯೋಜನೆಗಳನ್ನು ಪಟ್ಟಿಯಿಂದ ಹೊಡೆದುಹಾಕಿ. ಗುದ್ದಲಿ ಪೂಜೆಯ ಕಲ್ಲು ಮಾತ್ರ ನಿಂತು, ಹಿಂದೆ ಖಾಲಿ ಜಾಗ ಕಾಣುವ ಒಂದೇ ಫೋಟೊ ಸಾಕು, ಉಳಿದ ಹತ್ತು ನಿಜವಾದ ಕೆಲಸವೂ ಸುಳ್ಳಿನ ಹಾಗೆ ಕಾಣುತ್ತದೆ.

ಬಿಡ್ ಹೋಲಿಕೆಯ ಪಟ್ಟಿಗೆ ಯಾಕಿಷ್ಟು ಬೆಲೆ ಎಂಬುದಕ್ಕೆ ಹಳೆಯದೊಂದು ಉದಾಹರಣೆ ಇದೆ. 1882ರಲ್ಲಿ ಅಮೆರಿಕದ ಬಫಲೋ ನಗರದ ಕೌನ್ಸಿಲ್ ಐದು ವರ್ಷ ಬೀದಿ ಗುಡಿಸುವ ಗುತ್ತಿಗೆಯನ್ನು 4,22,500 ಡಾಲರ್ ಕೇಳಿದವನಿಗೆ ಕೊಡಲು ಒಪ್ಪಿತು. ಬಂದ ಬಿಡ್‌ಗಳಲ್ಲಿ ಅದೇ ಅತಿ ದುಬಾರಿ; ಅತಿ ಕಡಿಮೆಯ ಬಿಡ್ ಅದಕ್ಕಿಂತ ಲಕ್ಷ ಡಾಲರಿಗೂ ಹೆಚ್ಚು ಕೆಳಗಿತ್ತು. ಆ ವರ್ಷವಷ್ಟೇ ಮೇಯರ್ ಆಗಿದ್ದ ಗ್ರೋವರ್ ಕ್ಲೀವ್‌ಲ್ಯಾಂಡ್, ಇದು ತೆರಿಗೆದಾರರಿಗೆ ಬಗೆಯುವ ದ್ರೋಹ ಎಂದು ಕಟುವಾಗಿ ಬರೆದು ನಿರ್ಣಯವನ್ನು ತಿರಸ್ಕರಿಸಿದರು. ಕೌನ್ಸಿಲ್ ಹಿಂದೆ ಸರಿದು ಕಡಿಮೆ ಬಿಡ್‌ನವನಿಗೇ ಗುತ್ತಿಗೆ ಕೊಟ್ಟಿತು. ಅದೇ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ನ್ಯೂಯಾರ್ಕ್ ರಾಜ್ಯದ ಗವರ್ನರ್, 1884ರಲ್ಲಿ ದೇಶದ ಅಧ್ಯಕ್ಷ. ಅವರು ಕಟ್ಟಿಸಿದ್ದು ಏನೂ ಇರಲಿಲ್ಲ. ಇದ್ದದ್ದು ಒಂದು ಪತ್ರ, ಅದರಲ್ಲಿ ಯಾರಿಗೂ ಅರ್ಥವಾಗುವ ಎರಡು ಅಂಕಿ. ಉಳಿಸಿದ ಹಣ ಕೂಡ ಕೆಲಸವೇ ಎಂಬುದನ್ನು ಇಂದಿನ ತಂಡಗಳು ಮರೆಯುತ್ತವೆ. ಉದ್ಘಾಟನೆಯ ಫೋಟೊ ಸಿಗುವುದಿಲ್ಲವಲ್ಲ, ಅದಕ್ಕೆ.

ಕಡತಗಳು ಸಿದ್ಧವಾದಮೇಲೆ ಅವುಗಳಿಂದ ಮೂರನ್ನು ಮಾತ್ರ ಆರಿಸಿ. ಹನ್ನೆರಡು ಸಾಧನೆಯ ಕರಪತ್ರ ಓದಿದವನಿಗೆ ಒಂದೂ ನೆನಪಿರುವುದಿಲ್ಲ. ಆದರೆ ಒಂದೇ ಕಥೆ ಹಿಡಿದು ಹೊರಡುವುದೂ ಅಪಾಯ. ನ್ಯೂಯಾರ್ಕ್ ಮೇಲೆ ನಡೆದ 2001ರ ಭಯೋತ್ಪಾದಕ ದಾಳಿಯ ಹೊತ್ತಿನ ಮುಂದಾಳತ್ವವನ್ನೇ ನಂಬಿ 2008ರ ಅಧ್ಯಕ್ಷೀಯ ಸ್ಪರ್ಧೆಗೆ ಇಳಿದ ಆ ನಗರದ ಮಾಜಿ ಮೇಯರ್ ರೂಡಿ ಜೂಲಿಯಾನಿ, ಪಕ್ಷದ ಟಿಕೆಟ್‌ಗಾಗಿ ಮೊದಮೊದಲು ಮತದಾನ ನಡೆಯುವ ರಾಜ್ಯಗಳನ್ನು ಹೆಚ್ಚುಕಡಿಮೆ ಬಿಟ್ಟು ಫ್ಲಾರಿಡಾ ಒಂದರ ಮೇಲೆ ಪಣ ಕಟ್ಟಿದರು. ಅಲ್ಲಿ ಮೂರನೇ ಸ್ಥಾನಕ್ಕೆ ಬಿದ್ದು ಮರುದಿನವೇ ಕಣದಿಂದ ಹೊರಬಂದರು.

ಕಿರಿಕಿರಿ ಮೊದಲು, ಫಲ ಆಮೇಲೆ

ಜನರಿಗೆ ತೊಂದರೆ ಕೊಡುವ ಕೆಲಸ ಅವಧಿಯ ಮೊದಲ ಅರ್ಧದಲ್ಲೇ ಮುಗಿಯಬೇಕು. ಸಿಯೋಲ್ ಇದಕ್ಕೆ ಪಾಠದಂತಿದೆ. ಲೀ ಮ್ಯುಂಗ್-ಬಾಕ್ 2002ರ ಜುಲೈನಲ್ಲಿ ಮೇಯರ್ ಆದರು. ಒಂದೇ ವರ್ಷದಲ್ಲಿ ಚಂಗ್ಯೆಚನ್ ಹೊಳೆಯನ್ನು ಮುಚ್ಚಿದ್ದ ಮೇಲ್ಸೇತುವೆಯನ್ನು ಕೆಡವಲು ಶುರು ಮಾಡಿಸಿದರು. 2004ರ ಜುಲೈ 1ರಂದು ಬಸ್ ಮಾರ್ಗ, ದರ, ಕಾರ್ಡು ಎಲ್ಲವನ್ನೂ ಒಂದೇ ದಿನ ಬದಲಿಸಿದಾಗ ಕಾರ್ಡ್ ಯಂತ್ರಗಳು ಕೈಕೊಟ್ಟವು, ಊರೆಲ್ಲ ಗೊಂದಲ, ಮೇಯರ್ ಕ್ಷಮೆ ಕೇಳಬೇಕಾಯಿತು. ಆದರೆ ಅವರು ನಿಂತು ಗೆದ್ದ ಅಧ್ಯಕ್ಷೀಯ ಚುನಾವಣೆ ಇದ್ದದ್ದು 2007ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಬಸ್ಸು ಸರಿಹೋಗಿತ್ತು. 2005ರ ಅಕ್ಟೋಬರ್‌ನಲ್ಲಿ ತೆರೆದ ಹೊಳೆಯ ದಂಡೆಯಲ್ಲಿ ಜನ ಎರಡು ಬೇಸಿಗೆ ಕಳೆದಿದ್ದರು. ಅದೇ ಬಸ್ ಗೊಂದಲ ಮತದಾನಕ್ಕೆ ಆರು ತಿಂಗಳು ಇರುವಾಗ ಆಗಿದ್ದರೆ ಹೊಳೆಯೂ ಕಾಪಾಡುತ್ತಿರಲಿಲ್ಲ.

ಕ್ಯಾಲೆಂಡರಿನಲ್ಲಿ ಮತದಾನದ ದಿನದಿಂದ ಹಿಂದಕ್ಕೆ ಎಣಿಸಿ: ರಸ್ತೆ ಅಗೆತ, ತೆರವು, ದರ ಏರಿಕೆ 24 ತಿಂಗಳಾಚೆಗೆ, ಮುಕ್ತಾಯ 12ರಿಂದ 18 ತಿಂಗಳ ನಡುವೆ, ಕೊನೆಯ ಆರು ತಿಂಗಳಲ್ಲಿ ಹೊಸ ಕಾಮಗಾರಿ ಬೇಡವೇ ಬೇಡ. ಕೊನೆಗಳಿಗೆಯ ಡಾಂಬರು ಮೊದಲ ಮಳೆಗೇ ಕಿತ್ತು ಬಂದರೆ ಅದರ ಚಿತ್ರ ನಿಮ್ಮ ಪೋಸ್ಟರಿಗಿಂತ ಬೇಗ ಹಂಚಿಕೆಯಾಗುತ್ತದೆ.

ತೆರವಿನ ವಿಷಯದಲ್ಲಿ ಸೋಲೋ ನಗರದ ಕ್ರಮವನ್ನು ನೋಡಬೇಕು. ಬಂಜಾರ್‌ಸಾರಿ ಉದ್ಯಾನದ ಸುತ್ತ ಬೀಡುಬಿಟ್ಟಿದ್ದ ಸುಮಾರು ಸಾವಿರ ಬೀದಿ ವ್ಯಾಪಾರಿಗಳನ್ನು ಬೇರೆಡೆಗೆ ಕಳಿಸಬೇಕಿತ್ತು. ಜೋಕೊ ವಿಡೋಡೊ ಆ ವ್ಯಾಪಾರಿಗಳನ್ನು ಐವತ್ತಕ್ಕೂ ಹೆಚ್ಚು ಬಾರಿ ಊಟಕ್ಕೆ ಕರೆದರು. ಮೊದಮೊದಲು ಸ್ಥಳಾಂತರದ ಮಾತನ್ನೇ ಎತ್ತಲಿಲ್ಲ. ಕೊನೆಗೆ ಹೊಸ ಮಾರುಕಟ್ಟೆಗೆ ಅವರು ಹೋದದ್ದು ಮೆರವಣಿಗೆಯಲ್ಲಿ, ಸಾಂಪ್ರದಾಯಿಕ ಉಡುಗೆ ತೊಟ್ಟು. ಲಾಠಿ ಹಿಡಿದ ಪೊಲೀಸರ ಚಿತ್ರ ಒಂದೂ ಇಲ್ಲದ ತೆರವು ಅದು. 2010ರಲ್ಲಿ ವಿಡೋಡೊ ಶೇ. 90ರಷ್ಟು ಮತ ಪಡೆದು ಮರು ಆಯ್ಕೆಯಾದರು.

ಗಡಿಯಾಚೆಯ ಲೆಕ್ಕ

ಇದನ್ನು ಕಾಗದದ ಮೇಲೆ ಹಾಕಿ ನೋಡಿದವರು ಕಡಿಮೆ. ಒಂದು ರಾಜ್ಯದಲ್ಲಿ 100 ಮತ ಇವೆ, ನಗರದ ಪಾಲು 18 ಎಂದಿಟ್ಟುಕೊಳ್ಳಿ. ನಗರದಲ್ಲಿ ಶೇ. 60 ಬಂದರೂ ಕೈಗೆ ಸಿಗುವುದು 10.8. ಇಬ್ಬರೇ ಇರುವ ಕಣದಲ್ಲಿ 50 ದಾಟಲು ಇನ್ನೂ 39.2 ಬೇಕು, ಅಂದರೆ ಉಳಿದ 82ರಲ್ಲಿ ಸುಮಾರು ಶೇ. 48. ನಗರದಲ್ಲಿ ಶೇ. 60ನ್ನು 70ಕ್ಕೆ ಏರಿಸಿದರೆ ಸಿಗುವುದು 1.8 ಮತ, ಹೊರಗೆ ಶೇ. 3 ಹೆಚ್ಚಾದರೆ ಸುಮಾರು 2.5. ಆದರೂ ಪ್ರಚಾರದ ಹಣ, ದಿನ, ಕಾರ್ಯಕರ್ತರು ಎಲ್ಲ ನಗರದಲ್ಲೇ ಸುರಿಯುತ್ತವೆ, ಏಕೆಂದರೆ ಅಲ್ಲಿ ಚಪ್ಪಾಳೆ ಸಿಗುತ್ತದೆ.

ಹೊರಗಿನವರ ಮತ ಕೇಳುವ ಮೊದಲು ನಗರ ಅವರಿಗೆ ಏನು ಮಾಡಿದೆ ಎಂದು ನೋಡಿಕೊಳ್ಳಿ. ನಕಾಶೆ ಹರಡಿ ಐದು ಗೆರೆ ಎಳೆಯಿರಿ: ಕುಡಿಯುವ ನೀರು ಯಾವ ಊರಿನ ಕೆರೆ-ನದಿಯಿಂದ ಬರುತ್ತದೆ, ಕಸ ಯಾವ ಊರಿಗೆ ಹೋಗುತ್ತದೆ, ಕೊಳಚೆ ನೀರು ಎಲ್ಲಿ ಹರಿಯುತ್ತದೆ, ಕೆಲಸಕ್ಕೆ ಬರುವವರು ಎಲ್ಲಿಂದ ಬರುತ್ತಾರೆ, ಅನುದಾನದ ಹಂಚಿಕೆಯಲ್ಲಿ ಯಾರ ಪಾಲು ಕಡಿಮೆಯಾಗಿದೆ. ನಗರದಲ್ಲಿ ಬೀದಿ ಸ್ವಚ್ಛವಾಗಿದೆ ಎಂದು ಭಾಷಣ ಮಾಡುವ ಮೇಯರ್, ಆ ಕಸ ಬಂದು ಬೀಳುವ ಹಳ್ಳಿಗೆ ಮತ ಕೇಳಲು ಹೋದರೆ ಅಲ್ಲಿ ಸಿಗುವ ಸ್ವಾಗತ ಏನೆಂದು ಹೇಳಬೇಕಿಲ್ಲ. ಅಂಥ ಊರಿನಲ್ಲಿ ಕಸದಿಂದ ಒಸರುವ ಕೊಳಕು ನೀರಿಗೆ ತಡೆ, ಲಾರಿ ಓಡಾಟಕ್ಕೆ ಹೊತ್ತುಗೊತ್ತು, ರಸ್ತೆ ದುರಸ್ತಿ ಇಷ್ಟನ್ನಾದರೂ ಮೇಯರ್ ಆಗಿರುವಾಗಲೇ ಮಾಡಿಸಿ. ಸಹಿ ಹಾಕುವ ಅಧಿಕಾರ ಇರುವುದು ಆಗ ಮಾತ್ರ.

ರಾಜೀನಾಮೆ ಯಾವಾಗ

ಕಾನೂನು ಒಂದೊಂದು ಕಡೆ ಒಂದೊಂದು ತರ. ಬ್ರೆಜಿಲ್‌ನಲ್ಲಿ ಬೇರೆ ಹುದ್ದೆಗೆ ನಿಲ್ಲುವ ಮೇಯರ್ ಮತದಾನಕ್ಕೆ ಆರು ತಿಂಗಳ ಮೊದಲೇ ರಾಜೀನಾಮೆ ಕೊಡಬೇಕು. ಜಪಾನ್‌ನಲ್ಲಿ ನಾಮಪತ್ರ ಸಲ್ಲಿಸಿದ ಗಳಿಗೆಯಲ್ಲೇ ಹಳೆಯ ಹುದ್ದೆ ಹೋಯಿತೆಂದು ಲೆಕ್ಕ. ಅಮೆರಿಕದ ಫ್ಲಾರಿಡಾ, ಅರಿಜೋನಾ, ಹವಾಯಿಗಳಲ್ಲಿ ರಾಜೀನಾಮೆಯ ನಿಯಮ ಇದೆ, ಹಲವು ರಾಜ್ಯಗಳಲ್ಲಿ ಇಲ್ಲ. ಫ್ರಾನ್ಸ್‌ನಲ್ಲಿ ಮೇಯರ್ ಮತ್ತು ಸಂಸದ ಎರಡೂ ಆಗಿರುವುದು ಬಹುಕಾಲ ಮಾಮೂಲಾಗಿತ್ತು. 2014ರ ಕಾನೂನು 2017ರಿಂದ ಅದನ್ನು ನಿಲ್ಲಿಸಿತು. ಚೆನ್ನೈನಲ್ಲಿ 1996ರಲ್ಲಿ ನೇರವಾಗಿ ಆಯ್ಕೆಯಾದ ಮೇಯರ್ ಎಂ.ಕೆ. ಸ್ಟಾಲಿನ್ ಶಾಸಕರೂ ಆಗಿದ್ದರು. 2002ರಲ್ಲಿ ತಮಿಳುನಾಡು ಎರಡು ಹುದ್ದೆಗಳಿಗೆ ಕಾನೂನಿನ ತಡೆ ಒಡ್ಡಿದಾಗ ಮೇಯರ್ ಸ್ಥಾನ ಬಿಟ್ಟರು, ಮುಖ್ಯಮಂತ್ರಿಯಾದದ್ದು 2021ರಲ್ಲಿ. ಆಟದ ಮಧ್ಯೆ ನಿಯಮ ಬದಲಾಗುವುದಕ್ಕೆ ಇದು ಉದಾಹರಣೆ. ಹಾಗಾಗಿ ವಕೀಲರಿಂದ ಲಿಖಿತ ಅಭಿಪ್ರಾಯ ಎರಡು ಸಲ ತೆಗೆದುಕೊಳ್ಳಿ: ಮತದಾನಕ್ಕೆ 18 ತಿಂಗಳು ಇರುವಾಗ ಒಮ್ಮೆ, ಆರು ತಿಂಗಳು ಇರುವಾಗ ಇನ್ನೊಮ್ಮೆ.

ಕಾನೂನಿಗಿಂತ ತೊಡಕು ಹಿಂದೆ ಕೊಟ್ಟ ಮಾತು. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಜೋಸೆ ಸೆರ್ರಾ 2004ರಲ್ಲಿ ಪೂರ್ತಿ ಅವಧಿ ಮುಗಿಸುತ್ತೇನೆಂದು ಸಹಿ ಹಾಕಿ ಕೊಟ್ಟಿದ್ದರು. ಮೇಯರ್ ಆಗಿ ಹದಿನೈದು ತಿಂಗಳಿಗೆ, 2006ರ ಮಾರ್ಚ್ ಕೊನೆಗೆ, ಗವರ್ನರ್ ಸ್ಪರ್ಧೆಗಾಗಿ ಹೊರಟರು. ಆಗ ಗೆದ್ದರು. 2012ರಲ್ಲಿ ಮತ್ತೆ ಮೇಯರ್ ಆಗಲು ಬಂದಾಗ ಆ ಸಹಿಯ ಕಾಗದವೂ ಜೊತೆಗೇ ಬಂತು, ಸೋತರು. ಅದೇ ನಗರದ ಜುವಾಂವ್ ಡೋರಿಯಾ 2017ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡು 2018ರ ಏಪ್ರಿಲ್‌ನಲ್ಲಿ ಬಿಟ್ಟರು. ರಾಜ್ಯದಲ್ಲಿ ಹೇಗೋ ಗೆದ್ದರು, ಆದರೆ ತಾವೇ ಮೇಯರ್ ಆಗಿದ್ದ ನಗರದಲ್ಲಿ ಎದುರಾಳಿಗಿಂತ ಹಿಂದೆ ಬಿದ್ದರು.

ತೈವಾನ್‌ನ ಗಾವ್‌ಸಿಯುಂಗ್‌ದು ಇನ್ನೂ ಕಠಿಣ. ಹಾನ್ ಕುವೊ-ಯು 2018ರ ನವೆಂಬರ್‌ನಲ್ಲಿ ಸುಮಾರು 8.92 ಲಕ್ಷ ಮತ ಪಡೆದು ಮೇಯರ್ ಆದರು. ಎಂಟೇ ತಿಂಗಳಲ್ಲಿ ಅಧ್ಯಕ್ಷೀಯ ಅಭ್ಯರ್ಥಿ. 2020ರ ಜನವರಿಯಲ್ಲಿ ಸೋತು ವಾಪಸ್ ಬಂದರು. ಜೂನ್‌ನಲ್ಲಿ ನಗರದವರು ಹಿಂಪಡೆ ಮತದಾನ ನಡೆಸಿ 9.39 ಲಕ್ಷ ಮತಗಳಿಂದ ಅವರನ್ನು ಇಳಿಸಿದರು. ಕೂರಿಸಿದ್ದಕ್ಕಿಂತ ಇಳಿಸಿದ ಮತವೇ ಹೆಚ್ಚು.

ಇದರಿಂದ ಹೊರಡುವ ಕೆಲಸದ ನಿಯಮ: ಮೇಯರ್ ಚುನಾವಣೆಯ ಪ್ರಚಾರದಲ್ಲಿ 'ಪೂರ್ತಿ ಅವಧಿ ಇರುತ್ತೀರಾ' ಎಂಬ ಪ್ರಶ್ನೆಗೆ ಹೌದೆಂದು ಹೇಳಬೇಡಿ, ಹೇಳಿದರೆ ಪಾಲಿಸಿ. ಕನಿಷ್ಠ ಅವಧಿಯ ಮುಕ್ಕಾಲು ಭಾಗ ಮುಗಿಯದೆ ಹೊರಡಬೇಡಿ. ಹೊರಡುವುದು ಖಚಿತವಾದರೆ ಉತ್ತರಾಧಿಕಾರಿ ಯಾರೆಂದು ಜನರಿಗೂ ಪಕ್ಷಕ್ಕೂ ಒಂದೇ ದಿನ ಗೊತ್ತಾಗಲಿ. ಅದು ತೆರೆದೇ ಉಳಿದರೆ ಕಾರ್ಪೊರೇಟರುಗಳು ಬಣ ಕಟ್ಟಿಕೊಂಡು ನಿಮ್ಮ ಪ್ರಚಾರದ ಬದಲು ಖಾಲಿ ಕುರ್ಚಿಯ ಸುತ್ತ ಓಡಾಡುತ್ತಾರೆ.

ಹಣ, ಸಿಬ್ಬಂದಿ, ಫೋನು

ಇಲ್ಲಿ ಎಡವಿದರೆ ಚುನಾವಣೆ ಗೆದ್ದಮೇಲೂ ಬೆನ್ನು ಬಿಡುವುದಿಲ್ಲ. ಜಾಕ್ ಶಿರಾಕ್ 1977ರಿಂದ 1995ರವರೆಗೆ ಪ್ಯಾರಿಸ್ ಮೇಯರ್, ಆಮೇಲೆ ಹನ್ನೆರಡು ವರ್ಷ ದೇಶದ ಅಧ್ಯಕ್ಷ. ಪಕ್ಷದ ಕೆಲಸ ಮಾಡುವವರಿಗೆ ಪ್ಯಾರಿಸ್ ಪಾಲಿಕೆಯಿಂದ ಸಂಬಳ ಕೊಡಿಸಿದ ಪ್ರಕರಣದಲ್ಲಿ 2011ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಅವರಿಗೆ ಎರಡು ವರ್ಷದ ಜೈಲು ಶಿಕ್ಷೆ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟಿತು. ತೈಪೆಯ ಮೇಯರ್ ಆಗಿದ್ದ ಮಾ ಯಿಂಗ್-ಜಿಯೊ ಮೇಲೆ 2007ರ ಫೆಬ್ರವರಿಯಲ್ಲಿ, ಅಧ್ಯಕ್ಷೀಯ ಸ್ಪರ್ಧೆಯ ಹೊಸ್ತಿಲಲ್ಲಿ, ಮೇಯರ್ ವಿಶೇಷ ಭತ್ಯೆಯ ವಿಷಯದಲ್ಲಿ ಆರೋಪಪಟ್ಟಿ ಬಂತು. ಅವರು ಖುಲಾಸೆಯಾಗಿ 2008ರಲ್ಲಿ ಗೆದ್ದರು. ರಸೀದಿ ನೋಡಿಕೊಳ್ಳುತ್ತಿದ್ದ ಕಚೇರಿ ಸಿಬ್ಬಂದಿಗೆ ಮಾತ್ರ ಶಿಕ್ಷೆಯಾಯಿತು. ಭತ್ಯೆ ಸಣ್ಣದು, ರಸೀದಿ ಸಣ್ಣದು, ಪ್ರಕರಣ ದೊಡ್ಡದು.

ಸ್ಪರ್ಧೆಯ ಯೋಚನೆ ಬಂದ ದಿನವೇ ಬೇರ್ಪಡಿಸಬೇಕಾದವು: ಬ್ಯಾಂಕ್ ಖಾತೆ, ಕಾರು ಮತ್ತು ಚಾಲಕ, ಫೋನ್ ಸಂಖ್ಯೆ, ಇಮೇಲ್, ಸಾಮಾಜಿಕ ಜಾಲತಾಣದ ಖಾತೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ನಗರದ ಸಿಬ್ಬಂದಿ ನಡೆಸುವ 'ಮೇಯರ್' ಖಾತೆಯಲ್ಲಿ ಲಕ್ಷಾಂತರ ಜನ ಇದ್ದರೂ ಅದು ಹುದ್ದೆಯ ಆಸ್ತಿ. ವೈಯಕ್ತಿಕ ಖಾತೆಯನ್ನು ಎರಡು ವರ್ಷ ಮೊದಲೇ ಬೆಳೆಸಿಕೊಳ್ಳಿ. ನಗರದ ಸಿಬ್ಬಂದಿಯೊಬ್ಬರು ಪ್ರಚಾರಕ್ಕೆ ಬರಬೇಕೆಂದರೆ ರಜೆ ಹಾಕಿಯಲ್ಲ, ರಾಜೀನಾಮೆ ಕೊಟ್ಟೇ ಬರಲಿ. ಹಳೆಯ ಚುನಾವಣೆಯ ಉಳಿಕೆ ಹಣ ಹೊಸದಕ್ಕೆ ಬರುತ್ತದೆಂದು ನಂಬಬೇಡಿ: ಅಮೆರಿಕದಲ್ಲಿ ನಗರ ಚುನಾವಣೆಯ ಪ್ರಚಾರ ನಿಧಿಯನ್ನು ಸಂಸತ್ತಿನ ಅಥವಾ ಅಧ್ಯಕ್ಷೀಯ ಪ್ರಚಾರಕ್ಕೆ ವರ್ಗಾಯಿಸುವಂತಿಲ್ಲ. ಭಾರತದಲ್ಲಿ ದೊಡ್ಡ ರಾಜ್ಯಗಳ ವಿಧಾನಸಭಾ ಅಭ್ಯರ್ಥಿಯ ವೆಚ್ಚ ಮಿತಿಯನ್ನು 2022ರಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಸಲ್ಲಿಸಬೇಕು, ತಪ್ಪಿದರೆ ಮೂರು ವರ್ಷ ಅನರ್ಹತೆ.

ಗುತ್ತಿಗೆದಾರರ ದೇಣಿಗೆ ಬಗ್ಗೆ ಒಂದೇ ಮಾತು. ಕಳೆದ ನಾಲ್ಕು ವರ್ಷದ ಬಿಲ್ ಪಾವತಿ ಪಟ್ಟಿಯನ್ನೂ ದೇಣಿಗೆದಾರರ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ಎರಡರಲ್ಲೂ ಇರುವ ಹೆಸರಿನ ಚೆಕ್ ಅದೇ ದಿನ ವಾಪಸ್ ಹೋಗಲಿ. ಈ ಹೋಲಿಕೆಯನ್ನು ಎದುರಾಳಿ ಖಂಡಿತ ಮಾಡುತ್ತಾನೆ.

ಟಿಕೆಟ್

ನಗರದಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಹೈಕಮಾಂಡ್ ಕರೆದು ಟಿಕೆಟ್ ಕೊಡುವುದಿಲ್ಲ. ಟಿಕೆಟ್ ಸಿಕ್ಕಿತೆಂದು ಪಕ್ಷದ ಮತ ಬರುವುದೂ ಇಲ್ಲ. ಪ್ಯಾರಿಸ್ ಮೇಯರ್ ಆಗಿದ್ದ ಆನ್ ಇಡಾಲ್ಗೊ 2020ರಲ್ಲಿ ಮರು ಆಯ್ಕೆಯಾದವರು. 2022ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರಿಗೆ ಬಂದದ್ದು ಶೇ. 2ಕ್ಕಿಂತ ಕಡಿಮೆ. ಅಲ್ಲಿ ಶೇ. 5 ದಾಟದ ಅಭ್ಯರ್ಥಿಗೆ ಪ್ರಚಾರ ವೆಚ್ಚದಲ್ಲಿ ಸರ್ಕಾರ ವಾಪಸ್ ಕೊಡುವುದು ಮಿತಿಯ ಶೇ. 4.75 ಮಾತ್ರ, ದಾಟಿದರೆ ಶೇ. 47.5ರವರೆಗೆ. ಹಾಗಾಗಿ ಬೇರೆ ಊರುಗಳ ಚುನಾಯಿತ ಪ್ರತಿನಿಧಿಗಳ ಜೊತೆ ನಂಟು ಬೆಳೆಸುವುದು ಮೇಯರ್ ಅವಧಿಯ ಕೆಲಸವೇ. ಮೇಯರ್‌ಗಳ ಸಂಘದ ಹುದ್ದೆ, ನೆರೆಯ ಪಟ್ಟಣಗಳ ಜೊತೆ ಬಸ್ಸಿನದೋ ನೀರಿನದೋ ಒಪ್ಪಂದ, ಅವರ ಊರಿನ ಸಮಾರಂಭಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುವುದು, ಇವೆಲ್ಲ ಟಿಕೆಟ್ ಹಂಚುವ ದಿನ ಎಣಿಕೆಗೆ ಬರುತ್ತವೆ.

ಪ್ರಚಾರದ ನಡುವೆ ಊರು ಕೆಟ್ಟರೆ

ಹುದ್ದೆಯಲ್ಲಿದ್ದುಕೊಂಡೇ ಸ್ಪರ್ಧಿಸುವವರಿಗೆ ಇದು ಬಂದೇ ಬರುತ್ತದೆ: ಪ್ರವಾಹ, ಬೆಂಕಿ, ಪೊಲೀಸ್ ಗುಂಡು, ಪೌರಕಾರ್ಮಿಕರ ಮುಷ್ಕರ. 2019ರ ಜೂನ್‌ನಲ್ಲಿ ಅಮೆರಿಕದ ಸೌತ್ ಬೆಂಡ್ ನಗರದ ಮೇಯರ್ ಪೀಟ್ ಬೂಟಜೆಜ್ ಅಧ್ಯಕ್ಷೀಯ ಪ್ರಚಾರದಲ್ಲಿದ್ದಾಗ ಅವರ ನಗರದ ಪೊಲೀಸ್ ಅಧಿಕಾರಿಯೊಬ್ಬ ಕಪ್ಪು ವ್ಯಕ್ತಿಯೊಬ್ಬರನ್ನು ಗುಂಡಿಟ್ಟು ಕೊಂದ. ಬೂಟಜೆಜ್ ಕಾರ್ಯಕ್ರಮ ಬಿಟ್ಟು ವಾಪಸ್ ಬಂದರು, ಸಭೆಯಲ್ಲಿ ಬೈಗುಳ ಕೇಳಿಸಿಕೊಂಡರು. ವಾಪಸ್ ಬಂದದ್ದು ಸರಿ. ಆದರೆ ಆ ಸಿಟ್ಟು ಆ ವಾರದ್ದಲ್ಲ, ನಗರದ ಮೊದಲ ಕಪ್ಪು ಪೊಲೀಸ್ ಮುಖ್ಯಸ್ಥರನ್ನು 2012ರಲ್ಲಿ ಕೆಳಗಿಳಿಸಿದ ಕಾಲದಿಂದ ಕೂಡಿಟ್ಟದ್ದು. ನ್ಯೂಯಾರ್ಕ್ ಮೇಯರ್ ಆಗಿದ್ದ ಮೈಕಲ್ ಬ್ಲೂಮ್‌ಬರ್ಗ್ ಅವರದೂ ಅದೇ ಪಾಡು: ಬೀದಿಯಲ್ಲಿ ತಡೆದು ತಪಾಸಣೆ ಮಾಡುವ ಪೊಲೀಸ್ ನೀತಿಗೆ ಅವರು ಕ್ಷಮೆ ಕೇಳಿದ್ದು 2019ರ ನವೆಂಬರ್‌ನಲ್ಲಿ, ಕಣಕ್ಕಿಳಿಯುವ ಒಂದು ವಾರ ಮೊದಲು. ಹಲವರು ನಂಬಲಿಲ್ಲ. ಕ್ಷಮೆ ಕೇಳುವುದಿದ್ದರೆ ಮೇಯರ್ ಆಗಿರುವಾಗಲೇ ಕೇಳಿ, ಆದೇಶ ಬದಲಿಸಿಯೇ ಕೇಳಿ.

ಪ್ರತಿದಿನದ ಕಾರ್ಯಕ್ರಮ ಪಟ್ಟಿಯ ಕೆಳಗೆ 'ಇಲ್ಲಿಂದ ಊರಿಗೆ ಎಷ್ಟು ಗಂಟೆ, ಯಾವ ದಾರಿ' ಎಂದು ಬರೆಯುವ ಅಭ್ಯಾಸ ಇರಲಿ. ಉಪಮೇಯರ್ ಏನನ್ನು ಸ್ವತಃ ತೀರ್ಮಾನಿಸಬಹುದು ಎಂಬುದು ಮೊದಲೇ ಲಿಖಿತವಾಗಿರಲಿ, ಇಲ್ಲದಿದ್ದರೆ ಅವರು ಫೋನ್ ಹಿಡಿದು ಕಾಯುತ್ತಾ ಕೂರುತ್ತಾರೆ.

ಹಸ್ತಾಂತರ

ಕೊನೆಯ ದಿನ ಹಾರ ಹಾಕಿಸಿಕೊಂಡು ಹೊರಡುವ ಮುನ್ನ ಉತ್ತರಾಧಿಕಾರಿಗೆ ಸಹಿ ಪಡೆದು ಕೊಡಬೇಕಾದ ಪಟ್ಟಿ: ಬಾಕಿ ಬಿಲ್‌ಗಳು, ನಡೆಯುತ್ತಿರುವ ಕಾಮಗಾರಿಗಳ ಇಂದಿನ ಹಂತ, ನ್ಯಾಯಾಲಯದಲ್ಲಿರುವ ಪ್ರಕರಣಗಳು, ಲೆಕ್ಕಪರಿಶೋಧನೆಯ ಆಕ್ಷೇಪಗಳು ಮತ್ತು ಕೊಟ್ಟ ಉತ್ತರಗಳು, ಖಾತೆಗಳ ಪಾಸ್‌ವರ್ಡ್, ಕಾರಿನ ಕೀಲಿ ಮತ್ತು ಅಂದಿನ ಮೀಟರ್ ಓದು, ಹುದ್ದೆಗೆ ಬಂದ ಉಡುಗೊರೆಗಳ ದಾಸ್ತಾನು. ಎರಡು ಪ್ರತಿ ಮಾಡಿ, ಪ್ರತಿ ಪುಟಕ್ಕೂ ಇಬ್ಬರ ಸಹಿ, ಒಂದು ನಗರ ಕಾರ್ಯದರ್ಶಿಯ ಬಳಿ, ಇನ್ನೊಂದು ನಿಮ್ಮ ವಕೀಲರ ಬಳಿ. ಬಾಕಿ ಬಿಲ್ಲಿನ ಪುಟದಲ್ಲಿ ಒಟ್ಟು ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ. ಖಜಾನೆ ಖಾಲಿ ಮಾಡಿ ಹೋದರು ಎಂಬ ಆರೋಪ ಪ್ರಚಾರದ ಮೂರನೇ ವಾರಕ್ಕೆ ಬರುತ್ತದೆ, ಆಗ ಬೇಕಾಗುವುದು ಆ ಒಂದು ಪುಟ.